ನಿಲ್ಲದ ರಾಡು

ಗುಂಡ್ಲುಪೇಟೆಯಲ್ಲಿ ಈಗ ಮುಚ್ಚಿರುವ ಶೆಡ್ಡೊಂದರಲ್ಲಿ ನನ್ನದೇ ವಯಸ್ಸಿನ ಮೆಕ್ಯಾನಿಕ್ ಒಬ್ಬನಿದ್ದ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಆಕ್ಚುಯೇಟರನ್ನು, ಅಂದರೆ ಗಾಳಿ ಎಳೆದರೆ ರಾಡು ಸರಿಸುವ ಪುಟ್ಟ ಡಬ್ಬಿಯನ್ನು, ಬಾಯಲ್ಲೇ ಪರೀಕ್ಷಿಸುತ್ತಿದ್ದ. ಅದರ ರಬ್ಬರ್ ಪೈಪನ್ನು ಲುಂಗಿಗೆ ಒರೆಸಿ, ಕಚ್ಚಿ ಗಾಳಿ ಎಳೆದು ಉಸಿರು ಬಿಗಿಹಿಡಿಯುತ್ತಿದ್ದ. ರಾಡು ಸರಿದು ಅಲ್ಲೇ ನಿಂತರೆ ಸರಿ, ವಾಪಸ್ ಬಂದರೆ ಒಳಗಿನ ರಬ್ಬರ್ ಪರದೆ ಹರಿದಿದೆ ಎಂದರ್ಥ. ಯಾರಾದರೂ ಗೇಜಿನ ಮಾತೆತ್ತಿದರೆ, "ಗೇಜ್ ಯಾಕ್ಲಾ, ಬಾಯಿಲ್ವಾ" ಅನ್ನುತ್ತಿದ್ದ.

ಒಮ್ಮೆ ನನ್ನ ಪಿಕಪ್ಪು ಪುಣಜನೂರಿನಾಚೆಯ ಏರಿನಲ್ಲಿ ಎಳೆಯದೆ ಕಪ್ಪು ಹೊಗೆ ಉಗುಳಿತು. ಗಾಡಿಯನ್ನು ಅವನ ಶೆಡ್ಡಿಗೆ ತಂದೆ. ಪೈಪ್ ಕಚ್ಚಿ ಎಳೆದು ನೋಡಿ, "ಅರ್ದೋಗದೆ ಕಣ್ಲಾ" ಅಂದ. ಹೊಸದನ್ನು ಕೂರಿಸಿ ಮತ್ತೆ ಎಳೆದ. ರಾಡು ಅರ್ಧಕ್ಕೆ ಬಂದು ಹಿಂದಕ್ಕೆ ಹೋಯಿತು. "ಇದೂ ಕೆಟ್ಟಿರೋದೇ" ಅಂತ ಬಿಚ್ಚಿದ. ಬಿಡಿಭಾಗದ ಅಂಗಡಿಯವನು ಗೊಣಗುತ್ತಾ ಇನ್ನೊಂದು ಕೊಟ್ಟ. ಅದೂ ನಿಲ್ಲಲಿಲ್ಲ.

ಅವನು ಕೆಮ್ಮುತ್ತಾ ಮತ್ತೆ ಸ್ಪ್ಯಾನರ್ ಎತ್ತಿದಾಗ ನನಗೆ ರೇಗಿತು. ಪೈಪನ್ನು ಕಿತ್ತುಕೊಂಡು ನಾನೇ ಗಾಳಿ ಎಳೆದೆ. ರಾಡು ಪೂರ್ತಿ ಸರಿದು, ನಾನು ಉಸಿರು ಬಿಡುವವರೆಗೂ ಅಲ್ಲೇ ನಿಂತಿತ್ತು.

ಅವನು ಬಂಪರ್ ಮೇಲೆ ಕೂತ. "ಅಂಗಾರೆ ನನ್ನ ಉಸ್ರೇ ಸಾಲ್ತಿಲ್ಲ ಅನ್ನು."

ಆಮೇಲೆ, ಮೊದಲು ಬಿಚ್ಚಿದ್ದ ಹಳೆಯ ಆಕ್ಚುಯೇಟರಿನ ಪೈಪನ್ನು ಲುಂಗಿಗೆ ಒರೆಸಿ ನನ್ನ ಕೈಗಿಟ್ಟ.

"ಇದ್ನೂ ಒಸಿ ಎಳ್ದು ನೋಡು."

ಎಳೆದೆ. ರಾಡು ನಿಲ್ಲಲಿಲ್ಲ.

"ಸದ್ಯ," ಅಂದ. "ಅದೊಂದ್ನ ಸರಿಯಾಗೇ ಯೋಳಿದ್ದೆ."