ಚುಕ್ಕಿ ಒತ್ತಿದ ಡಿಸ್ಕುಗಳು

ನಮ್ಮವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಹಟ ಮಾತ್ರ ಇಬ್ಬರಿಗಾಗುವಷ್ಟಿದೆ. ಮದುವೆಯಾದ ಹೊಸದರಲ್ಲಿ ಊಟದ ಹೊತ್ತಿಗೆ ನೀರಿನ ಲೋಟವನ್ನು ಅವರ ಕೈಗೆ ಹತ್ತಿರವಾಗಲೆಂದು ಸರಿಸಿಟ್ಟೆ. ನಮ್ಮತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಅವನಿಗೆ ಸಹಾಯ ಮಾಡಬೇಡ ಕಣೇ, ಮುಖ ಊದಿಸಿಕೊಳ್ಳುತ್ತಾನೆ ಎಂದು ಪಿಸುಗುಟ್ಟಿದರು. ಲೋಟ ಇದ್ದಲ್ಲೇ ಇದ್ದರೆ ಅವರ ಕೈ ನೇರ ಅಲ್ಲಿಗೇ ಹೋಗುತ್ತದೆ, ನಾನು ಸರಿಸಿದರೆ ಚೆಲ್ಲುತ್ತದೆ. ಇಷ್ಟು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ಅವರದು ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡುವ ಕೆಲಸ. ವೈದ್ಯರು ರೋಗಿಯನ್ನು ನೋಡಿ, ಗಡಿಬಿಡಿಯಲ್ಲಿ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಇವರು ಮಲಗುವ ಕೋಣೆಯ ಕಿಟಕಿ ಪಕ್ಕ ಕೂತು, ಒಂದು ಕಿವಿಯಲ್ಲಿ ವೈದ್ಯರನ್ನೂ ಇನ್ನೊಂದರಲ್ಲಿ ಕಂಪ್ಯೂಟರನ್ನೂ ಕೇಳುತ್ತ ಟೈಪ್ ಮಾಡುತ್ತಾರೆ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ದನಿಯೊಂದು ಆ ಕಂಪ್ಯೂಟರಿನಲ್ಲಿದೆ. ಹೆಂಗಸಿನ ದನಿ, ಅರಳು ಹುರಿದಂತೆ ಮಾತಾಡುತ್ತದೆ. ನನ್ನ ನಾದಿನಿ ಅದನ್ನು ನಿನ್ನ ಸವತಿ ಎಂದು ರೇಗಿಸುತ್ತಾಳೆ. ನಾನೂ ನಗುತ್ತೇನೆ. ಆದರೆ ಗಂಡ ದಿನವಿಡೀ ಚಾಚೂ ತಪ್ಪದೆ ಕೇಳುವುದು ಅವಳ ಮಾತನ್ನೇ ಹೊರತು ನನ್ನದನ್ನಲ್ಲ.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಕೆಟ್ಟಿತೆಂದರೆ ಮಾತ್ರ ಈ ಸವತಿಯ ಬಾಯಿ ಕಟ್ಟುತ್ತದೆ. ಹೊಸದಾಗಿ ಸಿಸ್ಟಂ ಹಾಕುವಾಗ ಪರದೆ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ, ಓದಿ ಹೇಳಲು ಅವಳಿನ್ನೂ ಬಂದಿರುವುದಿಲ್ಲ. ಅದಕ್ಕೇ ನಮ್ಮ ಬೀದಿಯ ರಿಪೇರಿ ಅಂಗಡಿಯವರು ಇವರಿಗೆಂದೇ ಒಂದು ಸಿ.ಡಿ. ಮಾಡಿಕೊಟ್ಟಿದ್ದರು. ಎಲ್ಲ ಪ್ರಶ್ನೆಗೂ ಉತ್ತರವನ್ನು ಅದರೊಳಗೇ ಬರೆದಿಟ್ಟಿದ್ದರು. ಡಿಸ್ಕ್ ಹಾಕಿ, ಒಂದು ಕೀಲಿ ಒತ್ತಿ, ಕಾಯುತ್ತ ಕೂತರೆ ಕೊನೆಗೆ ದನಿ ತಾನಾಗಿ ಮಾತಾಡುತ್ತಿತ್ತು. ಹಿಂದೊಮ್ಮೆ ಕಂಪ್ಯೂಟರ್ ಮಲಗಿದಾಗ ಇವರು ಯಾರನ್ನೂ ಕೇಳದೆ ಅದನ್ನು ಎಬ್ಬಿಸಿದರು. ಆ ದಿನ ಅವರ ನಡಿಗೆಯ ಗತ್ತೇ ಬೇರೆಯಿತ್ತು.

ಅದರ ಬೆನ್ನಿಗೇ ಭಯವೂ ಹತ್ತಿತು. ಈ ಡಿಸ್ಕ್ ಹಾಳಾದರೆ? ಎರಡು ನಕಲು ಮಾಡಿಸಿದರು. ಹಾಡಿನ ಡಿಸ್ಕುಗಳ ಜೊತೆ ಬೆರೆಯದಿರಲೆಂದು ನಾನು ಮೇಲೆ ಹೆಸರು ಬರೆಯಲು ಹೋದೆ. ನೀನು ಬರೆದರೆ ನಿನ್ನನ್ನೇ ಕೇಳಬೇಕಾಗುತ್ತದೆ ಎಂದು ಕಿತ್ತುಕೊಂಡರು. ದಬ್ಬಣ ಹಿಡಿದು, ಅಸಲು, ನಕಲು ಮೂರಕ್ಕೂ ಹೆಸರು ಬರೆಯುವ ಬದಿಯಲ್ಲಿ ಬೆರಳಿಗೆ ಸಿಗುವಂತೆ ಸಾಲಾಗಿ ಚುಕ್ಕಿ ಒತ್ತಿದರು. ಹೊಳೆಯುವ ಬದಿಗೆ ಒಂದು ಗೀರೂ ಬೀಳಬಾರದೆಂದು ಕೆಳಗೆ ಮಡಿಸಿದ ಶಾಲು ಹಾಸಿಕೊಂಡಿದ್ದರು. ಒಂದು ಡ್ರಾಯರಿಗೆ, ಒಂದು ಬೀರುವಿಗೆ, ಒಂದು ನನ್ನ ನಾದಿನಿಯ ಮನೆಗೆ ಹೋಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಕಂಪ್ಯೂಟರ್ ಮತ್ತೆ ಮಲಗಿತು. ಇವರು ಸ್ವಲ್ಪವೂ ಗಾಬರಿಯಾಗದೆ ಡ್ರಾಯರಿನ ಡಿಸ್ಕ್ ಹಾಕಿ ಕಾದರು. ದನಿ ಬರಲಿಲ್ಲ. ಬೀರುವಿನದನ್ನು ಹಾಕಿದರು, ಅದೂ ಇಲ್ಲ. ನಾದಿನಿ ತನ್ನಲ್ಲಿದ್ದದ್ದನ್ನು ಓಡೋಡಿ ತಂದಳು. ಅದನ್ನೂ ಕಂಪ್ಯೂಟರ್ ಓದಲಿಲ್ಲ. ಮೂರನ್ನೂ ಹಿಡಿದು ಅಂಗಡಿಗೆ ಹೋದೆವು.

ಅಂಗಡಿಯವರು ಒಂದನ್ನು ಎತ್ತಿ ದೀಪಕ್ಕೆ ಹಿಡಿದರು. ಜರಡಿಯಲ್ಲಿ ಕಂಡಂತೆ ಬೆಳಕು ತೂತುತೂತಾಗಿ ಕಂಡಿತು. ಹೊಳೆಯುವ ಬದಿಯಲ್ಲಿರುವುದು ದಪ್ಪ ಪ್ಲಾಸ್ಟಿಕ್, ಬರಹವೆಲ್ಲ ಇರುವುದು ಹೆಸರು ಬರೆಯುವ ಬದಿಗೆ ಅಂಟಿಕೊಂಡ ತೆಳು ಪದರದಲ್ಲಿ ಎಂದರು. ಚುಕ್ಕಿ ಒತ್ತಿದ್ದು ಅಲ್ಲಿಗೇ. ನನ್ನ ಗಂಡ ಡಿಸ್ಕನ್ನು ವಾಪಸು ತೆಗೆದುಕೊಂಡು ತಾವೇ ಮಾಡಿದ ಗುರುತನ್ನು ಬೆರಳಲ್ಲಿ ಸವರಿದರು.

"ಮೂರನ್ನೂ ನಾನೇ ಕೊಂದೆ," ಎಂದರು.

ನನಗೆ ಅಳು ಬಂತು. ಅಳುವ ಬದಲು ದಬ್ಬಣವನ್ನು ಬೈದೆ. ಅಂಗಡಿಯವರು ತಾಯಿಯನ್ನು ನೋಡಲು ಊರಿಗೆ ಹೊರಟು ನಿಂತಿದ್ದರು. ಸದ್ಯಕ್ಕೆ ಮಾಮೂಲಿ ಡಿಸ್ಕುಗಳನ್ನು ಕೊಟ್ಟು, ಯಾರಾದರೂ ಪರದೆ ಓದಿದರೆ ನೀವೇ ಹಾಕಿಕೊಳ್ಳಬಹುದು, ಬಂದ ಮೇಲೆ ಹೊಸದು ಮಾಡಿಕೊಡುತ್ತೇನೆ ಎಂದರು. ಆಸ್ಪತ್ರೆಯ ವರದಿಗಳು ಕಾಯುವಂತಿರಲಿಲ್ಲ.

ಹೀಗೆ ಮೊದಲ ಸಲ ನಮ್ಮವರು ತಮ್ಮ ಮೇಜಿನ ಪಕ್ಕ ನನಗೊಂದು ಕುರ್ಚಿ ಎಳೆದರು. ನಾನು ಓದುತ್ತ ಹೋದೆ, ಅವರು ಮೈಯೆಲ್ಲ ಕಿವಿಯಾಗಿ ಕೀಲಿ ಒತ್ತುತ್ತ ಹೋದರು. ಕಂಪ್ಯೂಟರಿನೊಳಗಿನ ಎರಡು ಭಾಗಗಳಲ್ಲಿ ಯಾವುದನ್ನು ಅಳಿಸಲಿ ಎಂದು ಪರದೆ ಕೇಳಿತು. ಒಂದರಲ್ಲಿ ಕೆಟ್ಟ ಸಿಸ್ಟಂ, ಇನ್ನೊಂದರಲ್ಲಿ ಅವರು ವರ್ಷಗಳಿಂದ ಕೂಡಿಟ್ಟ ಕೆಲಸ.

"ಇನ್ನೊಂದ್ ಸಲ ಓದು."

ಓದಿದೆ. ಮತ್ತೆ ಓದು ಎಂದರು. ನನಗೆ ರೇಗಿತು, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದೆ. ನಂಬದೆ ಬೇರೆ ದಾರಿಯಿಲ್ಲವಲ್ಲ, ಅದೇ ಕಷ್ಟ ಎಂದರು. ಕೀಲಿಯ ಮೇಲಿದ್ದ ಬೆರಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕಾದರು. ಮೂರನೆಯ ಸಲ ಒಂದೊಂದೇ ಅಕ್ಷರವಾಗಿ ಓದಿದೆ.

ಕಂಪ್ಯೂಟರ್ ಎದ್ದಿತು, ದನಿಯನ್ನೂ ಕೂರಿಸಿದೆವು. ಆದರೂ ಮರುದಿನ, ಅದರ ಮರುದಿನ ಒಂದಲ್ಲ ಒಂದು ತಕರಾರು, ಆಗೆಲ್ಲ ದನಿ ನಿಂತುಹೋಗುತ್ತಿತ್ತು. ಬಾ, ಓದು ಎಂದು ಕರೆಯುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಹಿತವಾಗಿತ್ತು. ಒಲೆ ಆರಿಸಿ ಓಡುತ್ತಿದ್ದೆ. ಇವರು ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದರು.

ಅಂಗಡಿಯವರು ವಾಪಸು ಬಂದವರು ನಮ್ಮ ಮನೆಗೇ ಬಂದರು. ಆ ಹಳೇ ತರಹದ ಡಿಸ್ಕ್ ಮಾಡುವುದು ಎರಡು ದಿನದ ಕೆಲಸ ಎಂದು ತಲೆ ಕೆರೆದುಕೊಂಡು, "ಈಗ ಅಕ್ಕ ಓದ್ತಾರಲ್ಲ, ಮಾಮೂಲಿ ಡಿಸ್ಕಿನ ನಕಲು ಸಾಕಲ್ವಾ?" ಎಂದರು.

ಇವರು ನಾನು ನಿಂತ ಕಡೆಗೆ ಮುಖ ತಿರುಗಿಸಿದರು. ನಾನು ಸಾಕು ಎಂದುಬಿಟ್ಟಿದ್ದರೆ ಸಾಕಾಗುತ್ತಿತ್ತು. ಆ ಕುರ್ಚಿ ನನಗೇ ಉಳಿಯುತ್ತಿತ್ತು.

"ಸಾಲಲ್ಲ," ಎಂದೆ. "ಒಂದು ಪ್ರಶ್ನೆನೂ ಕೇಳದ ಹಾಗೆ ಮಾಡ್ಕೊಡಿ."

ಹೊಸ ಡಿಸ್ಕ್ ಬಂತು. ನಡುವಿನ ತೂತಿನ ಸುತ್ತ ಬರಹವಿಲ್ಲದ ಬಳೆಯೊಂದಿರುತ್ತದಂತೆ, ಇವರು ಈ ಸಲ ಗುರುತನ್ನು ಅಲ್ಲಿ ಹಾಕಿದರು. ನಿಜವಾಗಿ ಕೆಲಸ ಮಾಡುತ್ತದೆಯೋ ಎಂದು ಪರೀಕ್ಷಿಸಲು ಕೂತಾಗ, ಬೇಕಾದರೆ ನೀನಿಲ್ಲೇ ಇರು ಎಂದರು. ತರಕಾರಿ ಮುಗಿದಿದೆ ಎಂದು ಚೀಲ ಹಿಡಿದು ಹೊರಟೆ. ಮುಗಿದಿರಲಿಲ್ಲ. ಬೀದಿಗಳನ್ನು ಸುತ್ತಿ, ಬೇಡದ ಸೌತೆಕಾಯಿ ಕೊಂಡು, ಕಾಲು ನೋಯುವವರೆಗೆ ಹೊರಗೇ ಇದ್ದೆ.

ಬಾಗಿಲು ತೆರೆದಾಗ ಒಳಗೆ ಆ ದನಿ ಮಾತಾಡುತ್ತಿತ್ತು. ಸಂತೋಷವಾಯಿತು, ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು ಕೂಡ. ಸದ್ದು ಮಾಡದೆ ಅಡುಗೆಮನೆಯತ್ತ ನಡೆದೆ.

"ಬಂದ್ಯಾ? ಇಲ್ಲಿ ಬಾ, ಕೂತ್ಕೋ," ಎಂದು ಕೋಣೆಯಿಂದ ಕರೆದರು.

ಏನು ಓದಬೇಕು ಎಂದು ಕೇಳುತ್ತ ಹೋದೆ.

"ಓದೋದೇನಿಲ್ಲ. ಸುಮ್ನೆ ಕೂತ್ಕೋ," ಎಂದರು.