ಮಾಸ್ತರರ ಪುಸ್ತಕಕ್ಕೆ ಬಾರದ ಸೊಪ್ಪು

ಮೊನ್ನೆ ಮೊಮ್ಮಗಳು ಅಟ್ಟದ ಟ್ರಂಕಿನಿಂದ ಒಂದು ತೆಳ್ಳಗಿನ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. "ಇದೆಂತ ಅಜ್ಜಿ, ಇದನ್ನು ಹುಳು ಸಹ ತಿನ್ನಲಿಲ್ಲ?" ಎಂದು ಕೇಳಿದಳು. ಬಿಡಿಸಿದೆ. ಪುಟಗಳ ನಡುವೆ ಇಟ್ಟಿದ್ದ ಲಕ್ಕಿ ಸೊಪ್ಪು ಪುಡಿಪುಡಿಯಾಗಿ ಸೀರೆಯ ಮೇಲೆ ಬಿತ್ತು. ವಾಸನೆ ಮಾತ್ರ ಇನ್ನೂ ಚೂರು ಉಳಿದಿತ್ತು... ಖಾರ, ಒಗರು, ಮೂಗಿನೊಳಗೆ ಸಣ್ಣಗೆ ಚುಚ್ಚುವಂಥದ್ದು. ಲಕ್ಕಿ ಸೊಪ್ಪು ಇಟ್ಟರೆ ಪುಸ್ತಕಕ್ಕೆ ಹುಳು ಹತ್ತುವುದಿಲ್ಲ ಎಂದು ನನಗೆ ಹೇಳಿಕೊಟ್ಟವರೇ ಆ ಪುಸ್ತಕ ಬರೆದವರು, ನಮ್ಮ ಬದಿಮನೆಯ ಮಾಸ್ತರರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ಅನ್ನಲಿ ಬಿಡಿ.

ನಾನು ಮದುವೆಯಾಗಿ ಹಳದೀಪುರಕ್ಕೆ ಬಂದಾಗ ಬ್ರಿಟಿಷರ ಆಳ್ವಿಕೆ, ಮಹಾಯುದ್ಧದ ಕಾಲ. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ನಮ್ಮವರು ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಒಂದು ಎಮ್ಮೆ. ಬೇಲಿಯ ಆಚೆ ಮಾಸ್ತರರು ಮತ್ತು ಅವರ ಹೆಂಡತಿ. ಮಾಸ್ತರರು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಶಾಲೆ ಬಿಟ್ಟಿತೆಂದರೆ ಕೊಡೆ ಹಿಡಿದು ಗುಡ್ಡ, ಹುಲ್ಲಿನ ಬೇಣ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಎಂದು ಅಲೆಯುವುದೇ ಕೆಲಸ. ಕುಮಟೆಯಿಂದ ಭಟ್ಕಳದ ತನಕ ಯಾರೂ ನೆಡದೆ ತಾನಾಗಿ ಹುಟ್ಟುವ ಗಿಡಗಳನ್ನೆಲ್ಲ ಒಂದು ಪುಸ್ತಕಕ್ಕೆ ತರಬೇಕು, ಯಾವುದನ್ನು ಯಾರು ಎಂತಕ್ಕೆ ಬಳಸುತ್ತಾರೆ ಎಂದು ಬರೆಯಬೇಕು ಎಂಬುದು ಅವರ ಹುಚ್ಚು. ಮೀನುಗಾರರ ಕೇರಿಗೆ ಹೋಗಿ ಬಲೆಗೆ ಬಣ್ಣ ಹಾಕುವ ತೊಗಟೆ ಕೇಳುವರು. ಭಟ್ಕಳದ ನವಾಯತ ಮುಸಲ್ಮಾನರ ಮನೆಯ ಜಗಲಿಯಲ್ಲಿ ಕೂತು ಅವರ ಬಾಣಂತಿ ಕಷಾಯಕ್ಕೆ ಎಂತ ಬೇರು ಹಾಕುತ್ತಾರೆ ಎಂದು ಕೇಳಿ ಬರೆದುಕೊಳ್ಳುವರು.

ತಂದ ಗಿಡಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಹಾಸಿಗೆಯ ಅಡಿಗೆ ಇಟ್ಟು ಒಣಗಿಸುತ್ತಿದ್ದರು. ಆ ಹಾಸಿಗೆಯಲ್ಲಿ ಅವರ ಹೆಂಡತಿಯೂ ಮಲಗಬೇಕಲ್ಲ! ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬೆನ್ನು ತುರಿಸಿಕೊಳ್ಳುತ್ತ, "ನನ್ನ ಅಪ್ಪ ನನ್ನನ್ನು ಮಾಸ್ತರರಿಗೆ ಕೊಟ್ಟಿದ್ದೋ ಬೇಲಿಗೆ ಕೊಟ್ಟಿದ್ದೋ ಗೊತ್ತಾಗೂದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಒಮ್ಮೆ ಮಾಸ್ತರರು ನಸುಗುನ್ನಿ ಕಾಯನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಶಾಲೆಗೆ ಹೋದರು. ಅದರ ಸುಂಕು ಮೈಗೆ ತಾಗಿದರೆ ತುರಿಕೆಯಿಂದ ಪ್ರಾಣ ಹೋದ ಹಾಗಾಗುತ್ತದೆ ಎಂದು ಅವರೇ ಹಿಂದಿನ ದಿನ ಬರೆದಿದ್ದರು. ಕಿಸೆಯಲ್ಲಿದ್ದದ್ದು ಮರೆತು ಹೋಗಿತ್ತು. ಆ ದಿನ ಶಾಲೆ ಅರ್ಧಕ್ಕೇ ಬಿಟ್ಟಿತು. ಮಾಸ್ತರರು ಕೆರೆಗೆ ಇಳಿದವರು ಸಂಜೆಯ ತನಕ ಮೇಲೆ ಬರಲಿಲ್ಲ.

ಇಷ್ಟೆಲ್ಲ ಬರೆದರೂ ಅವರಿಗೆ ಸಮಾಧಾನವಿರಲಿಲ್ಲ. ಒಂದು ಗಿಡ ಸಿಕ್ಕಿರಲಿಲ್ಲ. ಅದು ನಮ್ಮ ಅತ್ತೆಯ ಕಾಮಾಲೆ ಮದ್ದಿನ ಗಿಡ.

ಭಾನುವಾರ, ಬುಧವಾರ ಬೆಳಿಗ್ಗೆ ಅತ್ತೆ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಮುರ್ಡೇಶ್ವರದ ಕಡೆಯಿಂದ ಸಹ ಜನ ಹೊಳೆ ದಾಟಿ ಬರುತ್ತಿದ್ದರು. ಎಂಥ ಹಳದಿ ಕಣ್ಣೂ ಮೂರು ವಾರದಲ್ಲಿ ಬೆಳ್ಳಗಾಗುತ್ತಿತ್ತು, ನಾನೇ ಕಂಡಿದ್ದೇನೆ. ಆ ಮದ್ದಿಗೆ ಕಟ್ಟಳೆ ಬಹಳ. ಕಾಗೆ ಕೂಗುವ ಮೊದಲು ಅತ್ತೆಯೇ ಹೋಗಿ ಸೊಪ್ಪು ತರಬೇಕು. ಯಾರೂ ನೋಡಬಾರದು. ಅರೆಯುವಾಗ ನಾನು ಸಹ ಒಳಗೆ ಇರಬಾರದು. ಮದ್ದು ಕುಡಿದವರು "ಹೋಗಿ ಬರ್ತೆ" ಎನ್ನದೆ ಬೆನ್ನು ತಿರುಗಿಸಿ ನಡೆಯಬೇಕು, ಹಾಗಂದುಬಿಟ್ಟರೆ ಕಾಯಿಲೆಯೂ ತಿರುಗಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಗಿಡದ ಹೆಸರು ಬಾಯಲ್ಲಿ ಬರಬಾರದು. ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ತಾನು ಸಾಯುವ ಹೊತ್ತಿಗೆ ಒಬ್ಬರ ಕಿವಿಯಲ್ಲಿ ಹೇಳಿ ಹೋಗಬೇಕು, ಒಬ್ಬರಿಗೇ. "ನಿಂಗೇ ಹೇಳ್ತೆ, ಗಡಿಬಿಡಿ ಮಾಡಬೇಡ" ಎಂದು ಅತ್ತೆ ನನಗೆ ಮಾತು ಕೊಟ್ಟಿದ್ದರು. ಹದಿನೇಳು ವರ್ಷದ ನನಗೆ ಅದೇ ಒಂದು ದೊಡ್ಡಸ್ತಿಕೆ.

ಮಾಸ್ತರರಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. "ಗುಣ ಇರೂದು ಎಲೆಯಲ್ಲಿ, ಗುಟ್ಟಿನಲ್ಲಿ ಅಲ್ಲ. ನಾಳೆ ನೀವು ಜಾರಿಬಿದ್ದು ಸತ್ತರೆ ಊರಿನ ಗತಿ ಎಂತ?" ಎಂದು ಅತ್ತೆಯ ಮುಖದ ಮೇಲೇ ಕೇಳಿದರು. "ನಾ ನೋಡ್ಕಂಡೇ ನಡೀತೆ" ಎಂದು ಅತ್ತೆ ಎಮ್ಮೆಯ ಹಾಲು ಕರೆಯಲು ಹೋದರು. ಆ ಸೊಪ್ಪು ಸಿಗದೆ ಪುಸ್ತಕವನ್ನು ಅಚ್ಚಿಗೆ ಕೊಡುವುದಿಲ್ಲ ಎಂದು ಮಾಸ್ತರರು ಹಟ ಹಿಡಿದರು. ಹೇಗೂ ಯುದ್ಧದಿಂದಾಗಿ ಕುಮಟೆಯ ಪ್ರೆಸ್ಸಿನಲ್ಲಿ ಕಾಗದವೂ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಒಂದು ಬುಧವಾರ ನಸುಕಿನಲ್ಲಿ ಮಾಸ್ತರರು ಹೊರಕಡೆಗೆ ಹೊರಟವರ ಹಾಗೆ ಚೊಂಬು ಹಿಡಿದು ಅತ್ತೆಯ ಹಿಂದೆ ನಡೆದರು. ಅತ್ತೆಯ ಕಿವಿ ಬಹಳ ಚುರುಕು. ತಿರುಗಿ ನೋಡದೆ ಬೇಲಿಯ ಉದ್ದಕ್ಕೆ ಕಂಡ ಕಂಡ ಗಿಡದಿಂದೆಲ್ಲ ಒಂದೊಂದು ಚಿಗುರು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತ ಹೋದರು. ಮಾಸ್ತರರೂ ಹಿಂದಿನಿಂದ ಅವನ್ನೆಲ್ಲ ಕಿತ್ತು ಚೊಂಬಿಗೆ ತುಂಬಿಸಿದರು. ಅತ್ತೆ ಗಜನಿ ಗದ್ದೆಯ ಕಿರುದಾರಿ ಹಿಡಿದರು. ಅವರಿಗೆ ಗಟ್ಟಿ ನೆಲ ಎಲ್ಲಿದೆ ಎಂದು ಗೊತ್ತು, ಮಾಸ್ತರರಿಗೆ ಗೊತ್ತಿಲ್ಲ. ಬೆಳಕು ಹರಿಯುವಾಗ ಮಾಸ್ತರರು ಸೊಂಟದ ತನಕ ಕೆಸರಿನಲ್ಲಿ ನಿಂತು ಚೊಂಬನ್ನು ತಲೆಯ ಮೇಲೆ ಹಿಡಿದುಕೊಂಡಿದ್ದರು. ಇಬ್ಬರು ಉಪ್ಪಿನಾಗರದ ಕೆಲಸದವರು ಎಳೆದು ತೆಗೆದರು. ಚೊಂಬಿನಲ್ಲಿ ಇಪ್ಪತ್ತಮೂರು ಬಗೆಯ ಎಲೆ ಇತ್ತಂತೆ.

ಎರಡನೇ ಉಪಾಯ ಇನ್ನೂ ಚೆಂದ. ಒಂದು ಭಾನುವಾರ ಮಾಸ್ತರರು ಮುಖಕ್ಕೆ, ಉಗುರಿಗೆ ಅರಿಶಿನ ಹಚ್ಚಿಕೊಂಡು, ನಿಶ್ಶಕ್ತಿ ಬಂದವರ ಹಾಗೆ ಜಗಲಿಗೆ ಬಂದು ಕೂತರು. ನಾನು ಒಳಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ಅವರ ಕಣ್ಣು ಹಾಲಿನ ಹಾಗೆ ಬೆಳ್ಳಗಿತ್ತು! ಅತ್ತೆ ಮಾತ್ರ ಒಂಚೂರೂ ನಗಲಿಲ್ಲ. "ಬಹಳ ಏರಿದೆ ಮಾಸ್ತರೇ. ಮೂರು ವಾರ ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ತೆಂಗಿನಕಾಯಿ ಮುಟ್ಟಿ ಮಾತು ಕೊಡಿ" ಎಂದರು. ಮಾಸ್ತರರು ಕೊಟ್ಟರು. ಆಮೇಲೆ ಅತ್ತೆ ಒಳಗೆ ಬಂದು ನನ್ನ ಕೈಯಲ್ಲೇ ಅರೆಸಿದ್ದು ನಮ್ಮ ಎಮ್ಮೆಗೆ ಹೊಟ್ಟೆ ಉಬ್ಬರಿಸಿದಾಗ ಕೊಡುವ ಮದ್ದನ್ನು.

ಮಾಸ್ತರರು ಅರ್ಧ ನುಂಗಿ, ಅರ್ಧ ಬಾಯಲ್ಲಿಟ್ಟುಕೊಂಡು ಮನೆಗೆ ಓಡಿದರು. ಉಗುಳಿ, ಮೂಸಿ, ನೆಕ್ಕಿ, ಯಾವ ಸೊಪ್ಪೆಂದು ಕಂಡುಹಿಡಿದು ಪುಸ್ತಕದಲ್ಲಿ ಕಾಮಾಲೆಗೆ ಎಂದು ಬರೆದೂಬಿಟ್ಟರು. ಮೂರು ದಿನ ಶಾಲೆಗೆ ಹೋಗಲಾಗಲಿಲ್ಲ, ಯಾಕೆ ಎಂದು ಹೇಳುವುದು ಬೇಡ. ನಾಲ್ಕನೆಯ ದಿನ ಬೇಲಿಯ ಹತ್ತಿರ ಅವರ ಬತ್ತಿದ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ, ಎಮ್ಮೆಯ ವಿಷಯ ಹೇಳಿಬಿಟ್ಟೆ. ಅವರು ಒಳಗೆ ಹೋಗಿ ಬರೆದದ್ದನ್ನು ಹೊಡೆದು ಹಾಕಿದರು. ಆದರೆ ಪಥ್ಯ ಬಿಡಲಿಲ್ಲ. ಅದು ಬಂಗಡೆ ರಾಶಿ ರಾಶಿ ಬಿದ್ದ ಕಾಲ, ಕೇರಿಗೆ ಕೇರಿಯೇ ಮೀನು ಹುರಿಯುತ್ತಿತ್ತು. ಮಾಸ್ತರರು ಉಪ್ಪಿಲ್ಲದ ಗಂಜಿ ಕುಡಿದುಕೊಂಡು ಕೂತಿದ್ದರು. ಮೂರು ವಾರ ಕಳೆದು ಅತ್ತೆ ಕೇಳಿದರು, "ಕಾಯಿಲೆ ಇಲ್ಲ ಅಂತ ನಿಮಗೂ ಗೊತ್ತಿತ್ತು. ಪಥ್ಯ ಎಂತಕ್ಕೆ ಮಾಡಿದ್ದು?"

"ಮಾತು ಕೊಟ್ಟಿದ್ದೆನಲ್ಲ" ಎಂದರು ಮಾಸ್ತರರು.

ಅತ್ತೆ ಆ ದಿನ ಅವರ ಮನೆಗೆ ನಾಲ್ಕು ಹುರಿದ ಬಂಗಡೆ ಕಳಿಸಿದರು.

ಮಾರನೇ ವರ್ಷ ನಾನು ಬಸುರಿಯಾಗಿ ತವರಿಗೆ, ಭಟ್ಕಳದ ಹತ್ತಿರದ ಮುಟ್ಟಳ್ಳಿಗೆ ಹೋದೆ. ಆಷಾಢದ ಮಳೆ ಹಿಡಿದಿತ್ತು. ಅತ್ತೆಗೆ ಜ್ವರ ಜೋರು, ಕೂಡಲೇ ಬರಬೇಕು ಎಂದು ಮಾಸ್ತರರು ಜನ ಕಳಿಸಿದರು. ಅಣ್ಣನ ಜೊತೆ ಗಾಡಿ ಕಟ್ಟಿಸಿಕೊಂಡು ಬಂದೆ. ಹೊನ್ನಾವರದ ಹೊಳೆಗೆ ಆಗ ಸೇತುವೆ ಎಲ್ಲಿತ್ತು... ದೋಣಿಯಲ್ಲೇ ದಾಟಬೇಕು. ಶರಾವತಿ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ದೋಣಿಯವರು ಕೈ ಮುಗಿದುಬಿಟ್ಟರು. ಎರಡು ದಿನ ಈಚೆ ದಡದ ಒಂದು ಮನೆಯಲ್ಲಿ ಕೂತು ಆಚೆ ದಡ ನೋಡಿದೆ. ಅತ್ತೆಯ ಮೇಲಿನ ಮಾಯೆ-ಮಮತೆಯೋ, ಆ ಗುಟ್ಟಿನ ಆಸೆಯೋ, ಯಾವುದಕ್ಕೆ ಕಣ್ಣೀರು ಬಂತೋ ನನಗೇ ಗೊತ್ತಿಲ್ಲ. ಎರಡೂ ಇತ್ತು. ಮೂರನೆಯ ದಿನ ದಾಟಿದೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಕೊನೆಯ ದಿನ ಅತ್ತೆಯ ಹತ್ತಿರ ಇದ್ದವರು ಮಾಸ್ತರರು ಮತ್ತು ಅವರ ಹೆಂಡತಿ. "ನನ್ನನ್ನು ಹೊರಗೆ ಕಳಿಸಿದರು. ನಿನ್ನ ಬಾಯಿ ನಿಲ್ಲೂದಿಲ್ಲ, ಉಪ್ಪು ಬಿಟ್ಟವರೇ ಸಾಕು ಅಂದರು. ಇವರ ಕಿವಿಯಲ್ಲಿ ಎಂತದೋ ಹೇಳಿದರು" ಎಂದು ಅವರ ಹೆಂಡತಿ ಮೂಗು ಒರೆಸಿಕೊಂಡರು. ನಾನು ಮೈಲಿಗೆ ಕಳೆದದ್ದೇ ಬೇಲಿ ದಾಟಿ ಹೋದೆ. ಹೇಳಿ ಎಂದೆ. ಮಾಸ್ತರರು ತಲೆ ತಗ್ಗಿಸಿದರು.

"ಈಗ ಆಗೂದಿಲ್ಲ ತಂಗಿ. ನನ್ನ ಹೊತ್ತು ಬಂದಾಗ ನಿನಗೇ ಹೇಳಬೇಕು ಅಂತ ಅವರ ಮಾತು. ಬರೀಬಾರದು ಅಂತ ಸಹ."

ಆರು ತಿಂಗಳು ನಾನು ಅವರ ಹತ್ತಿರ ಮಾತಾಡಲಿಲ್ಲ. ಅಲ್ಲ, ಗುಟ್ಟಿನಲ್ಲಿ ಎಂತ ಇದೆ ಎಂದು ಊರೆಲ್ಲ ಕೂಗಿಕೊಂಡು ತಿರುಗಿದ ಮನುಷ್ಯ! ಈಗ ಭಾನುವಾರ, ಬುಧವಾರ ಅವರೇ ಕಾಗೆ ಕೂಗುವ ಮೊದಲು ಹೊರಟರು. ಹೆಂಡತಿಯನ್ನೂ ಹೊರಗೆ ನಿಲ್ಲಿಸಿ ಮದ್ದು ಅರೆದರು. ರೋಗಿಗಳು ಬಾಯಿತಪ್ಪಿ "ಹೋಗಿ ಬರ್ತೆ" ಅಂದರೆ ಶಾಲೆಯಲ್ಲಿ ಗದರಿಸುವ ಹಾಗೆ ಗದರಿಸಿದರು. ಕುಮಟೆಯ ವೈದ್ಯ ಪಂಡಿತರೊಬ್ಬರು ಗುಟ್ಟು ಹಿಡಿಯಲು ಹಿಂದೆ ಬಿದ್ದಾಗ, ನಮ್ಮ ಮಾಸ್ತರರು ಕಂಡ ಕಂಡ ಚಿಗುರನ್ನೆಲ್ಲ ಕಿತ್ತುಕೊಳ್ಳುತ್ತ ಅವರನ್ನು ಸೀದಾ ಗಜನಿ ಕೆಸರಿಗೆ ಕರೆದುಕೊಂಡು ಹೋದರು. ಅದನ್ನು ಕೇಳಿದ ಮೇಲೆ ನನಗೆ ಮಾತು ಬಿಟ್ಟಿರಲು ಆಗಲಿಲ್ಲ. ನಗುತ್ತ ಹೋಗಿ ಒಂದು ಲೋಟ ಮಜ್ಜಿಗೆ ಕೊಟ್ಟು ಬಂದೆ.

ಯುದ್ಧ ಮುಗಿದು ಕಾಗದ ಬಂತು, ಪುಸ್ತಕ ಅಚ್ಚಾಯಿತು. ಕಾಮಾಲೆ ಎಂಬ ತಲೆಬರಹದ ಕೆಳಗೆ ಒಂದೇ ಸಾಲು: "ಇದನ್ನು ಬರೆಯಲು ನನಗೆ ಅಪ್ಪಣೆ ಇಲ್ಲ." ಪ್ರೆಸ್ಸಿನವರೆಲ್ಲ ಅದನ್ನು ಓದಿ ನಕ್ಕರಂತೆ.

ಪುಸ್ತಕದ ಕಟ್ಟು ತರಲು ಮಾಸ್ತರರು ಕುಮಟೆಗೆ ಹೋದರು. ಇದ್ದಿಲಿನಿಂದ ಓಡುತ್ತಿದ್ದ ಬಸ್ಸು, ಏರಿನಲ್ಲಿ ಇಳಿದು ದೂಡಬೇಕು. ದೂಡಿ ಬಂದು ಕೂತವರಿಗೆ ಎದೆನೋವು ಬಂತಂತೆ. ಹಳದೀಪುರ ಮುಟ್ಟುವ ಮೊದಲೇ... ಪಕ್ಕದಲ್ಲಿ ಕೂತಿದ್ದ ಮೀನು ಮಾರುವ ಹೆಂಗಸು ಆಮೇಲೆ ನನಗೆ ಎಲ್ಲ ಹೇಳಿದಳು. ನೋವು ಬಂದು ಸುಮಾರು ಹೊತ್ತು ಅವರಿಗೆ ಎಚ್ಚರವಿತ್ತು. ತೊಡೆಯ ಮೇಲೆ ಪುಸ್ತಕದ ಕಟ್ಟಿತ್ತು. ಕಿಸೆಯಿಂದ ಪೆನ್ಸಿಲ್ ತೆಗೆದು, ಮೇಲಿನ ಪುಸ್ತಕ ಬಿಡಿಸಿ, ಒಂದು ಪುಟವನ್ನೇ ನೋಡುತ್ತ ಕೂತರಂತೆ. ಆಮೇಲೆ ಪುಸ್ತಕ ಮುಚ್ಚಿ ಪೆನ್ಸಿಲನ್ನು ವಾಪಸು ಕಿಸೆಗೆ ಹಾಕಿದರಂತೆ.

ಎಂಥ ಮನುಷ್ಯ! ಒಂದು ಹೆಸರು, ಒಂದೇ ಹೆಸರು ಬರೆದಿದ್ದರೆ ಎಂತ ಆಗುತ್ತಿತ್ತು? ನನ್ನ ಕಿವಿ ಅಲ್ಲಿ ಇರಲಿಲ್ಲ, ಸರಿ. ಕಾಗದ ಇತ್ತಲ್ಲ. ಈ ಅರವತ್ತು ವರ್ಷದಲ್ಲಿ ಅವರ ಜೊತೆ ಮನಸ್ಸಿನಲ್ಲೇ ಎಷ್ಟು ಜಗಳ ಮಾಡಿದ್ದೇನೋ ಲೆಕ್ಕವಿಲ್ಲ. ಜಗಳ ಮಾಡುತ್ತ ಮಾಡುತ್ತ ಅಳು ಬರುತ್ತದೆ.

ಈಗ ಕಾಮಾಲೆಯಾದರೆ ಮಕ್ಕಳು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಗುಣವೂ ಆಗುತ್ತದೆ. ನಮ್ಮ ಮನೆಯ ಜಗಲಿಗೆ ಯಾರೂ ಬರುವುದಿಲ್ಲ. ಆದರೆ ಆ ಗಿಡ ಸಾಯಲಿಲ್ಲ, ಅದಕ್ಕೆ ಎಂತ ಆಗಬೇಕು? ಮಳೆ ಬಿದ್ದ ಕೂಡಲೇ ಇಲ್ಲೇ ಎಲ್ಲೋ ಚಿಗುರಿರುತ್ತದೆ. ನಾನು ದಿನಾ ಹಾಲು ತರಲು ಹೋಗುವಾಗ ಅದನ್ನೇ ತುಳಿದುಕೊಂಡು ಹೋಗುತ್ತೇನೋ ಏನೋ.