ಬೀಗ ಹಾಕಿದ ಫೋನು ಮತ್ತು ಹುಬ್ಬಳ್ಳಿಯ ಸೀಟು

ನನಗೆ ಈಗಲೂ ಹದಿನಾಲ್ಕು ಫೋನ್ ನಂಬರುಗಳು ಬಾಯಿಪಾಠ ಇವೆ. ಆ ಹದಿನಾಲ್ಕರಲ್ಲಿ ಒಂದೂ ಈಗ ಬಳಕೆಯಲ್ಲಿಲ್ಲ. ದಿನಕ್ಕೆ ಆರು ಸಲ ಮಾತಾಡುವ ಹೆಂಡತಿಯ ಮೊಬೈಲ್ ನಂಬರು ಮಾತ್ರ ನೆನಪಿನಲ್ಲಿ ನಿಲ್ಲುವುದಿಲ್ಲ. ಎಲ್ಲಾದರೂ ಮೊಬೈಲ್ ಕಳೆದುಹೋದರೆ ಅವಳಿಗೆ ತಿಳಿಸುವುದು ಹೇಗೆ ಎಂದು ಹೆದರಿ, ಆ ನಂಬರನ್ನು ಚೀಟಿಯಲ್ಲಿ ಬರೆದು ಮೊಬೈಲಿನ ಕವರಿನೊಳಗೇ ಇಟ್ಟುಕೊಂಡಿದ್ದೆ. ಇದರಲ್ಲಿರುವ ಎಡವಟ್ಟನ್ನು ಮಗಳು ತೋರಿಸಿಕೊಡುವವರೆಗೆ ಎರಡು ವರ್ಷ ನಿಶ್ಚಿಂತೆಯಿಂದ ಓಡಾಡಿದೆ. ನನ್ನ ಆಯುಷ್ಯದಲ್ಲಿ ನಾನು ನಿಶ್ಚಿಂತೆಯಿಂದ ಇದ್ದ ಎರಡೇ ವರ್ಷ ಅವು.

ಹೊನ್ನಾವರದ ಹತ್ತಿರದ ಮಂಕಿ ಊರಿನ ನಮ್ಮ ಮನೆಗೆ ಫೋನು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಆಗಲೇ ಪೇಟೆಯಲ್ಲಿ ಬಟನ್ ಒತ್ತುವ ಫೋನುಗಳು ಬಂದಿದ್ದವು. ನಮ್ಮ ಪಾಲಿಗೆ ಬಂದದ್ದು ಬೂದು ಬಣ್ಣದ, ಬೆರಳು ಹಾಕಿ ತಿರುಗಿಸುವ ಡಯಲಿನದು. ಕೇರಿಗೆಲ್ಲ ಒಂದೇ ಫೋನು. ಹಾಗಾಗಿ ತಿಂಗಳೊಳಗೆ ನಮ್ಮ ನಂಬರು ಎಂಟು ಮನೆಯವರ ನಂಬರಾಯಿತು. ಮದುವೆಯ ಕರೆಯೋಲೆ, ಕೆಲಸದ ಅರ್ಜಿ, ಆಸ್ಪತ್ರೆಯ ಚೀಟಿ, ಎಲ್ಲದರಲ್ಲೂ ನಮ್ಮ ನಂಬರು, ಪಕ್ಕದಲ್ಲಿ ಪಿ.ಪಿ. ಎಂಬ ಎರಡಕ್ಷರ. ಅಂದರೆ ಈ ಫೋನು ನಮ್ಮದಲ್ಲ, ಆದರೆ ಅಲ್ಲಿಯವರು ನಮ್ಮನ್ನು ಕರೆದುಕೊಡುತ್ತಾರೆ ಎಂದರ್ಥ. ಕರೆ ಬಂದರೆ 'ಹತ್ತು ನಿಮಿಷ ಬಿಟ್ಟು ಮಾಡಿ' ಎಂದು ಹೇಳಿ, ಗದ್ದೆಯ ಅಂಚಿನ ಮೇಲೆ ಓಡಿ ಕರೆದು ತರುವುದು ನಮ್ಮ ಕೆಲಸ. ಬಂದವರು ಕೈ ತೊಳೆದು, ತಲೆ ಸರಿಮಾಡಿಕೊಂಡು, ನಿಂತೇ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ 'ಇಡ್ಲಾ?' 'ಇಡು.' 'ನೀನೇ ಇಡು' ಎಂದು ಮತ್ತೆರಡು ನಿಮಿಷ. ಈಗ ನನ್ನ ಮಗಳು ಫೋನು ಮಾಡುವ ಮೊದಲು ಮಾಡಲಾ ಎಂದು ಮೆಸೇಜು ಮಾಡಿ ಕೇಳುತ್ತಾಳೆ, ಮುಗಿದ ಮೇಲೆ ಹೇಳದೆ ಕೇಳದೆ ಕಟ್ ಮಾಡುತ್ತಾಳೆ.

ಬರುವ ಕರೆಗಳ ಬಗ್ಗೆ ನನ್ನ ತಕರಾರು ಇರಲಿಲ್ಲ. ಹೋಗುವ ಕರೆಗಳದ್ದೇ ಭಯ. ನಮ್ಮ ಕೇರಿಯಿಂದ ದುಬೈಗೆ ಹೋದವರು ಒಬ್ಬರೂ ಇರಲಿಲ್ಲ. ಆದರೂ ನಾನು ಹೊನ್ನಾವರದ ಆಫೀಸಿನಲ್ಲಿ ಕೂತಿರುವಾಗ ಯಾರಾದರೂ ಬಂದು ದುಬೈಗೆ ಫೋನು ಮಾಡಿಬಿಟ್ಟರೆ ಎಂಬ ಯೋಚನೆ ಮಧ್ಯಾಹ್ನದ ಊಟವನ್ನು ರುಚಿಗೆಡಿಸುತ್ತಿತ್ತು. ಕಡೆಗೆ ಭಟ್ಕಳದ ಪೇಟೆಗೆ ಹೋಗಿ, ಡಯಲಿನ ತೂತಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ಬೀಗವೊಂದನ್ನು ತಂದೆ. ಹಾಕಿದರೆ ಡಯಲು ತಿರುಗುವುದಿಲ್ಲ.

"ಸಾಹೇಬ್ರೆ, ಇದನ್ನ ಹಾಕಿದ್ಮೇಲೆ ಫೋನು ಕಂಡುಹಿಡ್ದವ್ನೇ ಬಂದ್ರೂ ನಂಬರ್ ತಿರುಗ್ಸೂಕೆ ಆಗೂದಿಲ್ಲ" ಎಂದಿದ್ದ ಅಂಗಡಿಯವ.

ಬೀಗ ಬಂದ ಮೇಲೆ ಕೀಲಿಕೈಯ ಚಿಂತೆ. ಒಂದೇ ಕಡೆ ಇಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆಂದು ವಾರಕ್ಕೊಮ್ಮೆ ಜಾಗ ಬದಲಿಸುತ್ತಿದ್ದೆ. ಒಂದು ವಾರ ದೇವರ ಪಟದ ಹಿಂದೆ, ಇನ್ನೊಂದು ವಾರ ಹಳೆಯ ಬೂಟಿನೊಳಗೆ. ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಕುಮಟೆಯ ತವರಿಗೆ ಫೋನು ಮಾಡಬೇಕೆಂದು ಕೇಳುತ್ತಲೂ ಇರಲಿಲ್ಲ. ಎಂಥ ಅರ್ಥಮಾಡಿಕೊಳ್ಳುವ ಹೆಂಗಸು ಎಂದು ಆಫೀಸಿನಲ್ಲಿ ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ನೆಗಡಿಯಾಗಿ, ಅದು ನ್ಯುಮೋನಿಯಾ ಇರಬಹುದೆಂದು ರಜೆ ಹಾಕಿ ಮನೆಯಲ್ಲಿದ್ದೆ. ಹನ್ನೊಂದೂವರೆಗೆ ಫೋನು ಬಂತು. ಹೆಂಡತಿ ಎತ್ತಿದಳು. ಹುಬ್ಬಳ್ಳಿಯ ಒಂದು ನರ್ಸಿಂಗ್ ಶಾಲೆಯಿಂದ. ಗದ್ದೆಯಾಚೆಯ ಮನೆಯ ಹುಡುಗಿ ಅಲ್ಲಿಗೆ ಅರ್ಜಿ ಹಾಕಿ, ಕಾಯುವವರ ಪಟ್ಟಿಯಲ್ಲಿ ಉಳಿದು, ಆಸೆ ಬಿಟ್ಟು, ತಾಯಿಯ ಜೊತೆ ಮಡಲು ನೇಯಲು ಕೂತಿದ್ದಳು. ತೆಂಗಿನ ಗರಿ ಹೆಣೆದು ಮಾರುವುದೇ ಆ ಮನೆಯ ದುಡಿಮೆ. ಈಗ ಒಂದು ಸೀಟು ಖಾಲಿಯಾಗಿದೆ, ಹುಡುಗಿ ತಾನೇ ಫೋನು ಮಾಡಿ ಬರುತ್ತೇನೆಂದು ಹನ್ನೆರಡರೊಳಗೆ ಹೇಳಬೇಕು, ಇಲ್ಲದಿದ್ದರೆ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ ಎಂದು ಹೇಳಿ, ನಂಬರು ಬರೆಸಿ, ಆ ಕಡೆಯವರು ಫೋನಿಟ್ಟರು.

"ನಾ ಹೋಗಿ ಕರ್ಕಂಡು ಬತ್ತೆ. ನೀವು ಬೀಗ ತೆಗೆದಿಡಿ" ಎಂದು ಹೆಂಡತಿ ಅಂಗಳಕ್ಕಿಳಿದು ಓಡಿದಳು.

ದೇವರ ಪಟದ ಹಿಂದೆ ಕೀಲಿಕೈ ಇರಲಿಲ್ಲ. ಬೂಟಿನಲ್ಲಿ ಇರಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಮೊಳಕೈವರೆಗೆ ಕೈ ಹಾಕಿದೆ. ಈ ವಾರದ ಜಾಗ ಎಷ್ಟು ಚೆನ್ನಾಗಿತ್ತೆಂದರೆ ನನಗೇ ಹೊಳೆಯಲಿಲ್ಲ. ಹುಡುಗಿ, ಅವಳ ತಾಯಿ, ಹೆಂಡತಿ ಮೂವರೂ ಏದುಸಿರು ಬಿಡುತ್ತ ಬಂದಾಗ ನಾನು ಮಂಚದ ಕೆಳಗಿದ್ದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ.

"ಎಂತ ಹುಡುಕ್ತ್ರಿ ಅಣ್ಣ?" ಎಂದು ತಾಯಿ ಕೇಳಿದಳು.

"ಕೀಲಿಕೈ."

ಹೆದ್ದಾರಿಯ ಬದಿಯ ಎಸ್.ಟಿ.ಡಿ. ಬೂತಿಗೆ ಇಪ್ಪತ್ತು ನಿಮಿಷದ ದಾರಿ. ಅಪಘಾತದ ಭಯದಿಂದ ನಾನು ಸ್ಕೂಟರು ಕೊಂಡಿರಲಿಲ್ಲ. ಹುಡುಗಿ ನಂಬರಿನ ಚೀಟಿಯನ್ನೇ ನೋಡುತ್ತ ನಿಂತಿದ್ದಳು. ಅವಳ ಬೆರಳಿನಲ್ಲಿ ಇನ್ನೂ ಗರಿಯ ಸಿಬಿರು ಅಂಟಿತ್ತು.

ಹೆಂಡತಿ ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ನೀವು ಸ್ವಲ್ಪ ಹಿತ್ತಲ ಬದಿಗೆ ಹೋಗಿ ಹುಡುಕ್ತ್ರಾ?"

"ಹಿತ್ತಲಲ್ಲಿ ನಾನು ಯಾಕೆ ಇಡ್ತೆ?"

"ಹಾಂಗಾರೆ ಆ ಬದಿಗೆ ತಿರುಗಿ ನಿಂತ್ಕಳಿ."

"ಯಾಕೆ?"

"ಆತು, ನೋಡಿ ಹಾಂಗಾರೆ" ಎಂದು ನಿಟ್ಟುಸಿರು ಬಿಟ್ಟು, ಕೈಬಳೆಗಳನ್ನು ಮೊಳಕೈ ಕಡೆಗೆ ಸರಿಸಿ, ರಿಸೀವರ್ ಎತ್ತಿ ಕಿವಿಗಿಟ್ಟಳು. ರಿಸೀವರ್ ಕೂರುವ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಗುಂಡಿಗಳಿರುತ್ತವಲ್ಲ, ಅವನ್ನು ಬೆರಳಿನಿಂದ ಟಕಟಕನೆ ಹತ್ತು ಸಲ ಒತ್ತಿ ನಿಲ್ಲಿಸಿದಳು. ಅದು ಸೊನ್ನೆ. ಆಮೇಲೆ ಎಂಟು ಸಲ ಒತ್ತಿದಳು. ಅದು ಎಂಟು. ಎಷ್ಟು ಸಲ ಒತ್ತಿದರೆ ಅಷ್ಟರ ಅಂಕೆ, ಡಯಲು ತಿರುಗಿಸಿದಂತೆಯೇ. ಡಯಲನ್ನು ಮುಟ್ಟಲೇ ಇಲ್ಲ. ನನ್ನ ಬೀಗ ಡಯಲಿನ ಮೇಲೆ ಗಂಭೀರವಾಗಿ ಕೂತೇ ಇತ್ತು.

"ಮುಂದಿನದು ಹೇಳು" ಎಂದಳು ಹುಡುಗಿಗೆ. ಹುಡುಗಿ ಒಂದೊಂದೇ ಅಂಕೆ ಓದಿದಳು, ಇವಳು ಒತ್ತಿದಳು. ಆ ಬೆರಳಿನ ವೇಗ ನೋಡಿದರೆ ಇದು ಮೊದಲ ಸಲದ್ದಲ್ಲ, ನೂರನೆಯದೂ ಅಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು.

ಆ ಕಡೆ ಒಬ್ಬರು ಎತ್ತಿದರು. ಹೆಂಡತಿ ಕೇಳಿಸಿಕೊಂಡು ರಿಸೀವರ್ ಇಟ್ಟಳು. "ಹಿಟ್ಟಿನ ಗಿರಣಿಯಂತೆ. ಎಲ್ಲೋ ಒಂದು ಹೆಚ್ಚು ಒತ್ತಿದೆ."

ಅಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಎಲ್ಲರೂ ಹನ್ನೆರಡನ್ನೂ ಕೇಳಿಸಿಕೊಂಡೆವು. ತಾಯಿ ಹೊಸ್ತಿಲ ಹತ್ತಿರ ಕುಳಿತುಬಿಟ್ಟಳು. "ಹೋತು ಬಿಡಿ ಅತ್ತಿಗೆ. ನೀವಾದ್ರೂ ಎಂತ ಮಾಡೂದು" ಎಂದಳು. ಹುಡುಗಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು.

ಆಗ ನಾನು ಬಾಯಿ ತೆರೆದೆ. "ಇನ್ನೂ ಏಳು ನಿಮಿಷ ಇದೆ."

"ಎಲ್ಲಿ ಇದ್ದು?" ಎಂದಳು ಹೆಂಡತಿ.

ಬಸ್ಸು ತಪ್ಪೀತೆಂಬ ಹೆದರಿಕೆಯಿಂದ ಆ ಗಡಿಯಾರವನ್ನು ಯಾರಿಗೂ ಹೇಳದೆ ಏಳು ನಿಮಿಷ ಮುಂದಿಟ್ಟು ಮೂರು ವರ್ಷವಾಗಿತ್ತು. ಹೇಳಿಬಿಟ್ಟರೆ ಎಲ್ಲರೂ ಏಳು ನಿಮಿಷ ಕಳೆದು ಲೆಕ್ಕ ಹಾಕುತ್ತಾರೆಂದು ಅದನ್ನೂ ಮುಚ್ಚಿಟ್ಟಿದ್ದೆ. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಮೂರು ವರ್ಷ ಅವಸರದಲ್ಲಿ ಕಟ್ಟಿಕೊಟ್ಟ ಬುತ್ತಿಗಳೆಲ್ಲ ಇದ್ದವು. ಆದರೆ ಅವಳು ಮತ್ತೆ ರಿಸೀವರ್ ಎತ್ತಿದಳು. ಈ ಸಲ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸಿದೆ. ಒಂದು, ಎರಡು, ಮೂರು. ಹುಡುಗಿಯ ತಾಯಿಯೂ ಎಣಿಸಿದಳು. ಕೊನೆಯ ಸೊನ್ನೆಯ ಹತ್ತನೇ ಒತ್ತಿಗೆ ನಾಲ್ವರೂ ಒಟ್ಟಿಗೆ 'ಹತ್ತು' ಎಂದೆವು.

ಆ ಕಡೆ ಫೋನಿನ ಗಂಟೆ ಹೊಡೆದುಕೊಂಡಿತು. ಹೆಂಡತಿ ರಿಸೀವರನ್ನು ಹುಡುಗಿಯ ಕಿವಿಗೆ ಒತ್ತಿದಳು. ಫೋನಿಲ್ಲದೆಯೇ ಹುಬ್ಬಳ್ಳಿಗೆ ಕೇಳಿಸಬೇಕೆಂಬಂತೆ ಹುಡುಗಿ ಗಟ್ಟಿಯಾಗಿ ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಅಂಕಗಳನ್ನು ಹೇಳಿದಳು. "ಬರ್ತೇನೆ ಸರ್. ಖಂಡಿತ ಬರ್ತೇನೆ" ಎಂದು ಮೂರು ಸಲ ಹೇಳಿದಳು.

"ಎಂತ ಅಂದ್ರು?" ತಾಯಿ ಕೇಳಿದಳು.

"ಸೋಮವಾರ ಬರೂಕೆ ಹೇಳ್ರು."

ತಾಯಿ ಎದ್ದು ಬಂದು ಮಗಳ ತಲೆ ಸವರಿ, ಆಮೇಲೆ ಫೋನಿನ ತಲೆಯನ್ನೂ ಒಂದು ಸಲ ಸವರಿದಳು. ಹೆಂಡತಿ ಚಹಕ್ಕೆ ನೀರಿಟ್ಟಳು. ಆಗ ನಾನು ಮೆಲ್ಲಗೆ ಕೇಳಿದೆ. "ಇದು ಯಾವಾಗಿಂದ?"

"ಬೀಗ ತಂದ ಮರುದಿನದಿಂದ."

"ಕುಮಟೆಗಾ?"

"ಕುಮಟೆಗೆ. ಕರ್ಕಿಯ ಚಿಕ್ಕಮ್ಮಗೂ ಮಾಡ್ತೆ. ಕೇರಿಯವ್ರು ಮಾಡೂದು ಅವ್ರವ್ರ ಮಗಳಂದಿರಿಗೆ. ಎಲ್ಲ ಎರಡೆರಡೇ ನಿಮಿಷ, ಬಿಲ್ಲು ಏರೂಕೆ ಬಿಡಲಿಲ್ಲ. ದುಬೈಗೆ ಇನ್ನೂ ಯಾರೂ ಮಾಡಲಿಲ್ಲ, ಹೆದರ್ಕಳಬೇಡಿ."

ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಬಿಲ್ಲು ಹತೋಟಿಯಲ್ಲಿದೆ ಎಂದು ಹೊನ್ನಾವರದಲ್ಲಿ ಭಾಷಣ ಬಿಗಿಯುತ್ತಿದ್ದವನು ನಾನೊಬ್ಬನೇ. ನಾಚಿಕೆಯಾಗಬೇಕಿತ್ತು. ಆದರೆ ನನ್ನ ಏಳು ನಿಮಿಷ ಸೀಟು ಉಳಿಸಿತೆಂದು ನನಗೆ ಆ ಹೊತ್ತು ಎದೆ ಉಬ್ಬಿ ಶರ್ಟಿನ ಗುಂಡಿ ಬಿಗಿಯಾಗಿತ್ತು. ನೆಗಡಿಯೂ ಎಲ್ಲೋ ಹೋಗಿತ್ತು.

ಸೋಮವಾರ ಹುಡುಗಿ ಹೋದಳು. ಪ್ರತಿ ಭಾನುವಾರ ಹಾಸ್ಟೆಲಿನ ಹತ್ತಿರದ ಬೂತಿನಿಂದ ಫೋನು ಮಾಡುತ್ತಿದ್ದಳು. ತಾಯಿ ಅರ್ಧ ಗಂಟೆ ಮೊದಲೇ ಬಂದು ಜಗಲಿಯಲ್ಲಿ ಕೂತಿರುತ್ತಿದ್ದಳು, ಜೊತೆಗೆ ಕೇರಿಯ ನಾಲ್ಕಾರು ಹೆಂಗಸರು. ಕೆಲವು ತಿಂಗಳ ನಂತರ ಒಂದು ಭಾನುವಾರ ತಾಯಿ ಎಂದಿನಂತೆ ಊಟ, ಕೆಮ್ಮು, ಚಾದರ ಎಲ್ಲ ವಿಚಾರಿಸಿದಳು. ಆ ಕಡೆಯಿಂದ ಮಗಳು ಏನೋ ಹೇಳಿದಳು. ತಾಯಿ ರಿಸೀವರನ್ನು ಎದೆಗೊತ್ತಿಕೊಂಡು, ನಮ್ಮೆಲ್ಲರ ಕಡೆ ತಿರುಗಿ, ನಿಧಾನವಾಗಿ ಹೇಳಿದಳು.

"ನಮ್ಮ ಹುಡುಗಿ ಇವತ್ತು ಸೂಜಿ ಹಾಕ್ತಂತೆ. ಹುಬ್ಬಳ್ಳಿಯವ್ರಿಗೆ."